ಬಿಸಿಲುನಾಡಿನ ಮನೆಗೆ ತಿಳಿನೀಲಿ ಬಣ್ಣ

ದರೋಜಿಯ ಸುತ್ತಲಿನ ಬಂಡೆಗುಡ್ಡಗಳು ಬೇಸಿಗೆಯಲ್ಲಿ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಬಹಳ ಹೊತ್ತಿನವರೆಗೆ ಹೊರಸೂಸುತ್ತವೆ. ಹಗಲುನಿದ್ರೆಯನ್ನು ಸಾಮಾನ್ಯವಾಗಿ ಒಪ್ಪದ ಚರಕಸಂಹಿತೆಯೂ ಗ್ರೀಷ್ಮ ಋತುವಿನಲ್ಲಿ ಮಾತ್ರ ತಂಪಾದ ಮನೆಯಲ್ಲಿ ಹಗಲು ಮಲಗಲು ಅನುಮತಿ ನೀಡುತ್ತದೆ. ಗೋಡೆಗೆ ತಿಳಿನೀಲಿ ಬಳಿಸಿದರೆ ಮನೆ ತಂಪಾಗುವುದೇ ಎಂದು ರೋಗಿಗಳು ನಮ್ಮನ್ನು ಕೇಳುವುದುಂಟು.

ಒಳಗೋಡೆಯ ಬಣ್ಣದಿಂದ ಸೆಕೆ ಇಳಿಯದು. ಬಿಸಿ ಬರುವುದು ಮಾಳಿಗೆಯಿಂದ ಮತ್ತು ಪಡುವಣ ಗೋಡೆಯಿಂದ. ಹಿಂದಿನ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ಅದನ್ನು ತಡೆಯುತ್ತಿತ್ತು; ಇಂದಿನ ಸಿಮೆಂಟ್ ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಿರುಗುತ್ತದೆ. ತಿಳಿನೀಲಿ ಮಾಡುವ ಉಪಕಾರ ಕಣ್ಣಿಗೆ. ಹೊರಗಿನ ಝಳದಿಂದ ಒಳಬಂದವರಿಗೆ ಅದು ವಿಶ್ರಾಂತಿಯ ಭಾವ ಕೊಡುತ್ತದೆ.

ಆದ್ದರಿಂದ ಪಡುವಣ ಬಿಸಿಲು ಬೀಳುವ ಪಡಸಾಲೆಗೂ ಮಲಗುವ ಕೋಣೆಗೂ ಅದು ಹಿತ. ಬಡಗಣ ಕಿಟಕಿಯೊಂದೇ ಇರುವ ಕೋಣೆಯ ಬೆಳಕು ಮೊದಲೇ ನೀಲಿಛಾಯೆಯದು. ಅಲ್ಲಿ ಈ ಬಣ್ಣ ಬೂದಿಯಂತೆ ಮಂಕಾಗುತ್ತದೆ. ಹಾಸಿಗೆ ಹಿಡಿದವರ ಕೋಣೆಗೆ ನಾವು ಬಿಳಿಯನ್ನೇ ಹೇಳುತ್ತೇವೆ. ನೀಲಿ ಗೋಡೆಯ ನೆರಳಿನಲ್ಲಿ ನಾಲಿಗೆ, ಕಣ್ಣುಗಳ ಬಣ್ಣ ಸರಿಯಾಗಿ ತಿಳಿಯದೆ, ರೋಗಿಯನ್ನು ಅಂಗಳಕ್ಕೆ ಕರೆತಂದು ನೋಡಿದ ಪ್ರಸಂಗಗಳು ನಮಗುಂಟು.

ಬಚ್ಚಲುಮನೆಯ ವಿಷಯದಲ್ಲಿ ನಾವೇ ತಪ್ಪಿದೆವು. ಕಣ್ಣಿನ ಪೊರೆ ಬೆಳೆದಿದ್ದ ಹಿರಿಯರೊಬ್ಬರ ಮನೆಯವರಿಗೆ, ಎಲ್ಲೆಡೆ ಒಂದೇ ತಿಳಿನೀಲಿ ಇರಲಿ ಎಂದಿದ್ದೆವು. ಅವರು ಗೋಡೆ, ಬಾಗಿಲು, ಹೊಸ್ತಿಲ ಕಟ್ಟೆ ಎಲ್ಲಕ್ಕೂ ಬಳಿಸಿದರು. ಕಟ್ಟೆ ಎಲ್ಲಿ ಮುಗಿಯಿತೆಂದು ಕಾಣದೆ ಹಿರಿಯರು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಮೇಲೆ ಅವರು ಮೊದಲಿನಂತೆ ನಡೆಯಲೇ ಇಲ್ಲ. ನಮ್ಮ ಹಿರಿಯರು ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದುದು ಬರಿಯ ಅಂದಕ್ಕೆಂದು ನಾವು ತಿಳಿದಿದ್ದೆವು. ನೆಲವೆಲ್ಲಿ ಮುಗಿದು ಗೋಡೆ ಆರಂಭವಾಗುವುದೆಂಬುದನ್ನು ಆ ಪಟ್ಟಿ ಮಂದದೃಷ್ಟಿಯವರಿಗೂ ತೋರಿಸುತ್ತದೆ. ಸಂಡೂರಿನ ಕಡೆಯ ಕೆಂಪು ಧೂಳಿನ ಕಲೆಯನ್ನೂ ಮುಚ್ಚುತ್ತದೆ. ಮೆಟ್ಟಿಲ ಅಂಚಿಗೂ ಗಾಢವಾದ ಬಣ್ಣವಿರಬೇಕು.

ಇನ್ನು, ಯಾವುದನ್ನು ಬಳಿಯಬೇಕು? ಸುಣ್ಣದ ತಿಳಿಯಲ್ಲಿ ಚಿಟಿಕೆ ನೀಲಿ ಬೆರೆಸುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಸುಣ್ಣ ಕ್ಷಾರಗುಣದ್ದು, ಬೂಷ್ಟು ಸುಲಭವಾಗಿ ಹಿಡಿಯದು, ಗೋಡೆಯ ತೇವವೂ ಆರಿಹೋಗುತ್ತದೆ. ಆಯಿಲ್ ಪೇಂಟ್ ಬಳಿದ ಗೋಡೆಗೆ ಮಾತ್ರ ಸುಣ್ಣ ನಿಲ್ಲದು. ಆಯಿಲ್ ಪೇಂಟಿನ ಘಾಟು ದಮ್ಮಿನವರಿಗೆ ಆಗಿಬರದು. ಅಂಥವರು ವಾಸನೆ ಹೋಗುವವರೆಗೆ ಆ ಕೋಣೆಯಲ್ಲಿ ಮಲಗಬಾರದು.

ಹಳೆಯ ಬಣ್ಣ ಕೆರೆಯುವಾಗ ಹೆಚ್ಚಿನ ಎಚ್ಚರ ಬೇಕು. ಮನೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಆ ಪುಡಿ ಕೂಸುಗಳ ಬಾಯಿ ಸೇರಿದರೆ ಮಿದುಳಿನ ಬೆಳವಣಿಗೆಗೇ ಕುಂದು. ಒಣಗಿದ ಬಣ್ಣವನ್ನು ಉಜ್ಜದೆ, ನೀರು ಚಿಮುಕಿಸಿ ಕೆರೆಯಬೇಕು. ಆ ದಿನಗಳಲ್ಲಿ ಬಸುರಿಯರನ್ನೂ ಮಕ್ಕಳನ್ನೂ ಬೇರೆ ಮನೆಯಲ್ಲಿರಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.