ಸುಣ್ಣ ಬಿದ್ದ ಕಣ್ಣಿಗೆ ಬೆಣ್ಣೆಯಂಥ ಉಪಾಯ

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾವು ಪಕ್ಷಪಾತದ ಮಾತಿಗೆ ಬಳಸುತ್ತೇವೆ. ಆದರೆ ಆ ಗಾದೆ ಕಟ್ಟಿದವರು ಸುಣ್ಣ ಬಿದ್ದ ಕಣ್ಣನ್ನು ಕಂಡಿದ್ದಿರಬೇಕು. ಎಲೆ ಅಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ, ಅದರ ಮಗ್ಗುಲಲ್ಲೇ ಆಡುವ ಮಕ್ಕಳು. ಇದು ನಮ್ಮ ಜಗಲಿಗಳ ಹಳೆಯ ಚಿತ್ರ. ಈಗ ಡಬ್ಬಿಯ ಜಾಗಕ್ಕೆ ಹೊಗೆಸೊಪ್ಪಿನ ಜೊತೆ ಮಾರುವ ಸುಣ್ಣದ ಪುಟ್ಟ ಪ್ಯಾಕೆಟ್ ಬಂದಿದೆ. ಮೆತ್ತಗೆ, ಉಬ್ಬಿಕೊಂಡು, ಹಿಚುಕಿ ನೋಡೋಣ ಅನ್ನಿಸುವಂತಿರುತ್ತದೆ. ಮಗು ಹಿಚುಕುತ್ತದೆ, ಪ್ಯಾಕೆಟ್ ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ನಮ್ಮ ದೇಶದ ಕಣ್ಣಾಸ್ಪತ್ರೆಗಳಿಗೆ ಇದು ಹೊಸ ಸಂಗತಿಯೇನಲ್ಲ.

ಆಮ್ಲಕ್ಕಿಂತ ಸುಣ್ಣ ಕಣ್ಣಿಗೆ ಹೆಚ್ಚು ಕೇಡು. ಆಮ್ಲ ಬಿದ್ದಾಗ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಅದೇ ಒಂದು ಗೋಡೆಯಾಗಿ ನಿಂತು ಮುಂದಿನ ಹಾನಿಯನ್ನು ಎಷ್ಟೋ ತಡೆಯುತ್ತದೆ. ಸುಣ್ಣ ಕ್ಷಾರ. ಅದು ಜೀವಕೋಶಗಳ ಕೊಬ್ಬನ್ನು ಸಾಬೂನು ಮಾಡುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ.

ಕಣ್ಣಿನ ಕಸಿಯ ಗೆಲುವಿನ ಚರಿತ್ರೆ ಶುರುವಾದದ್ದೂ ಸುಣ್ಣದಿಂದಲೇ. 1905ರ ಡಿಸೆಂಬರ್ 7. ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಝೆಕ್ ಗಣರಾಜ್ಯದಲ್ಲಿರುವ ಓಲೊಮೌಟ್ಸ್ ಊರಿನ ವೈದ್ಯ ಎಡುವರ್ಡ್ ಜಿರ್ಮ್ ಮುಂದೆ ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಯಾಳೊಬ್ಬನಿದ್ದ. ಕಬ್ಬಿಣದ ಚೂರು ಹೊಕ್ಕಿದ್ದರಿಂದ 11 ವರ್ಷದ ಹುಡುಗನೊಬ್ಬನ ಕಣ್ಣನ್ನು ತೆಗೆಯಲೇಬೇಕಾಗಿ ಬಂದಿತ್ತು. ಆ ಕಣ್ಣಿನ ಕಾರ್ನಿಯಾವನ್ನು, ಅಂದರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರವನ್ನು, ಜಿರ್ಮ್ ಕೂಲಿಯವನ ಕಣ್ಣುಗಳಿಗೆ ಕೂರಿಸಿದರು. ಒಂದು ಕಣ್ಣು ಕೈಕೊಟ್ಟಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಕಾರ್ನಿಯಾ ಕಸಿ ಗೆದ್ದದ್ದು ಅದೇ ಮೊದಲು.

ಅವರಿಗೆ ಅದೃಷ್ಟವೂ ಇತ್ತೆಂದು ಈಗ ಹೇಳಬಹುದು. ಯಾಕೆಂದರೆ ಮುಂದೆ ಕಾರ್ನಿಯಾ ಕಸಿ ಎಲ್ಲ ಕಡೆ ಹಬ್ಬಿದರೂ ಸುಣ್ಣದಿಂದ ತೀರಾ ಸುಟ್ಟ ಕಣ್ಣುಗಳಲ್ಲಿ ಮಾತ್ರ ಅದು ಪದೇ ಪದೇ ಸೋಲುತ್ತಿತ್ತು. ಕೂರಿಸಿದ ಹೊಸ ಪದರ ಕೆಲವು ವಾರ ಹೊಳೆಯುತ್ತಿತ್ತು. ಆಮೇಲೆ ಕಣ್ಣಿನ ಬಿಳಿ ಭಾಗದ ಪೊರೆ, ಕೆಂಪು ರಕ್ತನಾಳಗಳ ಸಮೇತ, ಬೇಲಿ ಮುರಿದ ಹೊಲಕ್ಕೆ ಕಳೆ ನುಗ್ಗುವ ಹಾಗೆ ಅದರ ಮೇಲೆ ಹರಡುತ್ತಿತ್ತು. ಇನ್ನೊಂದು ಕಾರ್ನಿಯಾ ತಂದು ಹಾಕಿದರೂ ಅಷ್ಟೇ.

ಹಾಗಾದರೆ ಆ ಬೇಲಿ ಯಾವುದು? ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಕರಿಗುಡ್ಡೆ ಮುಗಿದು ಬಿಳಿ ಶುರುವಾಗುವ ಕಡೆ ನಮ್ಮಂಥ ಕಪ್ಪು-ಕಂದು ಮೈಯವರಿಗೆ ಮಸುಕಾದ ಕಂದು ಅಂಚು ಕಾಣುತ್ತದೆ. ಆ ಬಳೆಯ ಹೆಸರು ಲಿಂಬಸ್. ಬಹಳ ಕಾಲ ಅದೊಂದು ಗಡಿರೇಖೆ ಅಂತಷ್ಟೇ ಪುಸ್ತಕಗಳಲ್ಲಿತ್ತು. 1971ರಲ್ಲಿ ಡಾವಾಂಗರ್ ಮತ್ತು ಎವೆನ್ಸೆನ್ ಎಂಬ ನಾರ್ವೆಯ ಇಬ್ಬರು ‘ನೇಚರ್’ ಪತ್ರಿಕೆಯಲ್ಲಿ ಪುಟ್ಟ ಬರಹವೊಂದನ್ನು ಪ್ರಕಟಿಸಿದರು. ಗಿನಿಯಿಲಿಗಳ ಕಣ್ಣಿನ ಗಾಯ ಮಾಯುವಾಗ ಅಂಚಿನ ಬಣ್ಣದ ಕೋಶಗಳು ನಡುವಿನತ್ತ ಸರಿಯುವುದನ್ನು ಅವರು ಗಮನಿಸಿದ್ದರು. ಕಾರ್ನಿಯಾದ ಮೇಲ್ಮೈ ದಿನವೂ ಉದುರುತ್ತದೆ, ದಿನವೂ ಹುಟ್ಟುತ್ತದೆ; ಆ ಹುಟ್ಟು ಅಂಚಿನಿಂದ ಬರುತ್ತದೆ ಎನ್ನುವುದು ಅವರ ವಾದ. ಇಲಿಗಳ ಕಣ್ಣಿನ ಕೋಶಗಳಿಗೆ ಗುರುತು ಹಚ್ಚಿ ನೋಡಿದ ಅಮೆರಿಕದ ತಂಡವೊಂದು 1989ರಲ್ಲಿ ಇದಕ್ಕೆ ಬಲ ಕೊಟ್ಟಿತು: ತೀರಾ ನಿಧಾನವಾಗಿ ಇಬ್ಭಾಗವಾಗುವ, ಆಕರಕೋಶಗಳ (ಸ್ಟೆಮ್ ಸೆಲ್) ಸ್ವಭಾವದ ಕೋಶಗಳು ಲಿಂಬಸ್‌ನಲ್ಲೇ ಕೂತಿದ್ದವು.

ರೈತರ ಮಾತಿನಲ್ಲಿ ಹೇಳುವುದಾದರೆ ಲಿಂಬಸ್ ಸಸಿಮಡಿ, ಕಾರ್ನಿಯಾ ಗದ್ದೆ. ಸುಣ್ಣ ಸಸಿಮಡಿಯನ್ನೇ ಸುಟ್ಟ ಮೇಲೆ ಗದ್ದೆಗೆ ಎಷ್ಟು ಸಲ ಹೊಸ ಮಣ್ಣು ಹೊಡೆದರೇನು?

ಅದೇ 1989ರಲ್ಲಿ ಕೆನ್ಯನ್ ಮತ್ತು ತ್ಸೆಂಗ್ ಎಂಬ ವೈದ್ಯರು ನೆಟ್ಟಗಿದ್ದ ಕಣ್ಣಿನ ಲಿಂಬಸ್ಸನ್ನೇ ಕತ್ತರಿಸಿ ಸುಟ್ಟ ಕಣ್ಣಿಗೆ ಹಚ್ಚಿದರು. ಫಲ ಸಿಕ್ಕಿತು. ಆದರೆ ಬಳೆಯ ದೊಡ್ಡ ತುಂಡುಗಳೇ ಬೇಕಾಗಿದ್ದವು. ಉಳಿದ ಒಂದೇ ಕಣ್ಣಿಗೂ ಕುತ್ತು ಬಂದರೆ ಎಂಬ ಹೆದರಿಕೆ ವೈದ್ಯರಿಗೂ ಇತ್ತು, ರೋಗಿಗಳಿಗೂ ಇತ್ತು. ಬೆಣ್ಣೆಯ ಕಣ್ಣಿಗೆ ಸುಣ್ಣ ಬೀಳಬಾರದಲ್ಲ!

ಇಲ್ಲಿ ಕಥೆಗೆ ಒಂದು ಇಲಿ ಬರುತ್ತದೆ. ಅಮೆರಿಕದಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್ 1975ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ದಾರಿ ಕಂಡುಕೊಂಡಿದ್ದರು. ಬರೀ ಪೋಷಕ ದ್ರವದಲ್ಲಿ ಬಿಟ್ಟರೆ ಅವು ಸೊರಗುತ್ತಿದ್ದವು. ವಿಕಿರಣ ಹಾಯಿಸಿ ತಾವು ಬೆಳೆಯದಂತೆ ಮಾಡಿದ ಇಲಿ ಕೋಶಗಳ ಹಾಸನ್ನು ಕೆಳಗೆ ಹರಡಿದಾಗ ಮಾತ್ರ ಚಿಗುರಿಕೊಂಡವು. ಮನುಷ್ಯನ ಚರ್ಮಕ್ಕೆ ಇಲಿ ಸೂಲಗಿತ್ತಿ! ದೇಹದ ಶೇ 95ಕ್ಕೂ ಹೆಚ್ಚು ಭಾಗ ಸುಟ್ಟುಕೊಂಡಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು 1983ರಲ್ಲಿ ಬಾಸ್ಟನ್ನಿನಲ್ಲಿ ಬದುಕುಳಿದದ್ದು ಹೀಗೆ ಬೆಳೆಸಿದ ಅವರದೇ ಚರ್ಮದಿಂದ.

ಗ್ರೀನ್ ಪ್ರಯೋಗಾಲಯದಲ್ಲಿ ಪಳಗಿದ ಇಟಲಿಯ ಮಿಕೆಲೆ ದೆ ಲೂಕಾ ಈ ವಿದ್ಯೆಯನ್ನು ತಮ್ಮ ನಾಡಿಗೆ ಒಯ್ದರು. ಅವರೂ ಗ್ರಾತ್ಸಿಯೆಲ್ಲಾ ಪೆಲ್ಲೆಗ್ರಿನಿಯೂ ಕೂಡಿ ಚರ್ಮದ ಬದಲು ಲಿಂಬಸ್‌ನ ಕೋಶಗಳನ್ನು ಬೆಳೆಸಿದರು. ನೆಟ್ಟಗಿರುವ ಕಣ್ಣಿನಿಂದ ಒಂದೆರಡು ಮಿಲಿಮೀಟರಿನ ಚೂರು ಸಾಕಾಗುತ್ತಿತ್ತು. 1997ರಲ್ಲಿ, ಕ್ಷಾರದಿಂದ ಒಂದು ಕಣ್ಣು ಸುಟ್ಟಿದ್ದ ಇಬ್ಬರಲ್ಲಿ ಕಸಿ ಗೆದ್ದ ವರದಿ ಬಂತು. 112 ರೋಗಿಗಳ ಲೆಕ್ಕ 2010ರಲ್ಲಿ ಹೊರಬಿತ್ತು, ಶೇ 76.6ರಷ್ಟು ಕಣ್ಣುಗಳಲ್ಲಿ ಮೇಲ್ಮೈ ಮತ್ತೆ ತಿಳಿಯಾಗಿತ್ತು. 2015ರಲ್ಲಿ ಐರೋಪ್ಯ ಒಕ್ಕೂಟ ‘ಹೋಲೊಕ್ಲಾರ್’ ಹೆಸರಿನಲ್ಲಿ ಇದಕ್ಕೆ ಪರವಾನಗಿ ಕೊಟ್ಟಿತು. ಆಕರಕೋಶಗಳ ಔಷಧವೊಂದಕ್ಕೆ ಅಲ್ಲಿ ಸಿಕ್ಕ ಮೊದಲ ಮನ್ನಣೆ ಅದು.

ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಹೆಚ್ಚು ರುಚಿಸಿದ್ದು ಇದರ ಮುಂದಿನ ಭಾಗ, ಹೈದರಾಬಾದಿನದು.

ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 2001ರಿಂದಲೇ ಲಿಂಬಸ್ ಕೋಶಗಳನ್ನು ಬೆಳೆಸಿ ಕಸಿ ಮಾಡುತ್ತಿತ್ತು. ಅದೂ ಇಲಿಯ ಸಹಾಯವಿಲ್ಲದೆ. ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ನೀರಿನ ಚೀಲದ ಪೊರೆ, ಹೆರಿಗೆಯಾದ ಮೇಲೆ ನಾವು ಎಸೆಯುವಂಥದ್ದು, ಅವರಿಗೆ ಹಾಸಾಯಿತು. ಹತ್ತು ವರ್ಷಗಳಲ್ಲಿ 200 ಮಂದಿ, ಶೇ 71ರಷ್ಟು ಗೆಲುವು. ಆದರೆ ಕೋಶ ಬೆಳೆಸುವ ಪ್ರಯೋಗಾಲಯ ಅಗ್ಗದ ಮಾತಲ್ಲ. ಧೂಳು, ಸೂಕ್ಷ್ಮಜೀವಿ ಸುಳಿಯದ ಕೋಣೆಗಳು, ಪರಿಣತರು, ವಾರಗಟ್ಟಲೆ ಕಾಯುವಿಕೆ, ಎರಡೆರಡು ಸಲ ಶಸ್ತ್ರಚಿಕಿತ್ಸೆ. ಸುಣ್ಣ ಬೀಳುವುದು ಹೆಚ್ಚಾಗಿ ಬಡವರ ಕಣ್ಣಿಗೆ.

ಅದೇ ಸಂಸ್ಥೆಯ ವೀರೇಂದ್ರ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಯೋಗಾಲಯವನ್ನೇ ಕೈಬಿಟ್ಟರು. ಚೆನ್ನಾಗಿರುವ ಕಣ್ಣಿನಿಂದ ಎರಡು ಮಿಲಿಮೀಟರ್ ಅಗಲದ ಚೂರು ತೆಗೆದರು. ಸುಟ್ಟ ಕಣ್ಣಿನ ಮೇಲೆ ಹಬ್ಬಿದ್ದ ಪೊರೆಯನ್ನು ಬಿಡಿಸಿ, ಅಲ್ಲಿಗೆ ಗರ್ಭದ ಪೊರೆಯನ್ನು ಅಂಟಿಸಿದರು. ಆ ಚೂರನ್ನು ಎಂಟು ಹತ್ತು ಕಣಗಳಾಗಿ ಕತ್ತರಿಸಿ ಪೊರೆಯ ಮೇಲೆ ಅಲ್ಲಲ್ಲಿ ನಾಟಿ ಮಾಡಿದರು. ಒಂದೇ ಸಲಕ್ಕೆ ಕೆಲಸ ಮುಗಿಯಿತು. ಕೆಲವೇ ವಾರಗಳಲ್ಲಿ ಕಣಗಳಿಂದ ಕೋಶಗಳು ಹಬ್ಬಿ ಒಂದಕ್ಕೊಂದು ಕೂಡಿಕೊಂಡವು. ಜೀವಂತ ಅಂಗಾಂಶಕ್ಕೆ ಬೆಳೆಯುವುದನ್ನು ಯಾರೂ ಕಲಿಸಬೇಕಿಲ್ಲ, ಅದಕ್ಕೆ ನೆಲೆ ಕೊಟ್ಟರೆ ಸಾಕು ಎನ್ನುವ ನಂಬಿಕೆ ಈ ಉಪಾಯದ ಬುನಾದಿ. ಮೊದಲ ವರದಿಯಲ್ಲಿ ಇದ್ದದ್ದು ಆರೇ ಜನ. 2016ರ ಹೊತ್ತಿಗೆ 125 ಮಂದಿಯ ಲೆಕ್ಕ ಸಿಕ್ಕಿತು: ಶೇ 76ರಷ್ಟು ಗೆಲುವು, ದುಬಾರಿ ಪ್ರಯೋಗಾಲಯದ್ದಕ್ಕೆ ಸರಿಸಮ. ಆ 125ರಲ್ಲಿ 60 ಮಕ್ಕಳು. ಈಗ ಹೊರದೇಶಗಳಲ್ಲೂ ಈ ವಿಧಾನ ನಡೆಯುತ್ತಿದೆ. ಇದನ್ನು ನಾನು ಇಟಲಿಯ ಸಾಧನೆಗಿಂತ ಒಂದು ತೂಕ ಮೇಲೆಂದೇ ಎಣಿಸುತ್ತೇನೆ.

ಎರಡೂ ಕಣ್ಣು ಸುಟ್ಟವರ ಪಾಡು ಬೇರೆ. ಅವರಿಗೆ ಬೆಣ್ಣೆಯ ಕಣ್ಣೇ ಇಲ್ಲ. ಬೇರೆಯವರ ಲಿಂಬಸ್ ಹಾಕಿದರೆ ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಿರಬೇಕು. ಇದಕ್ಕೆ ಪರಿಹಾರ ಹುಡುಕುವ ಕೆಲಸಕ್ಕೆ ಕನ್ನಡಿಗರೆಲ್ಲರಿಗೂ ಗೊತ್ತಿರುವ ಒಂದು ನಂಟಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ತಂದೆಯಂತೆಯೇ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನೂ ಮುಂಪದರ, ಹಿಂಪದರ ಎಂದು ಸೀಳಿ ನಾಲ್ವರಿಗೆ ಕೂರಿಸಿದರು. ನಾಲ್ವರಿಗೆ ಕಣ್ಣು ಬಂದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಮಿಕ್ಕ ಲಿಂಬಸ್‌ನ ಅಂಚನ್ನೂ ಅವರು ಎಸೆಯಲಿಲ್ಲ. ಅದರಿಂದ ಆಕರಕೋಶಗಳನ್ನು ತಯಾರಿಸಿ, ಮುಂದೆ ರಾಸಾಯನಿಕಗಳಿಂದ ಕಣ್ಣು ಸುಟ್ಟುಕೊಂಡವರಿಗೆ ಬಳಸಲಾದೀತೇ ಎಂದು ನೋಡಲು ತಮ್ಮದೇ ಪ್ರಯೋಗಾಲಯಕ್ಕೆ ಕಳಿಸಿದರು.

ಕಣ್ಣು ದಾನ ಮಾಡುವುದಾದರೆ ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ನೇತ್ರಬ್ಯಾಂಕಿಗೆ ಕೂಡಲೇ ತಿಳಿಸಬೇಕು. ಅದಕ್ಕಿಂತ ಮೊದಲು, ಮನೆಯ ಸುಣ್ಣದ ಡಬ್ಬಿಯನ್ನೂ ಪ್ಯಾಕೆಟ್ಟನ್ನೂ ಮಕ್ಕಳ ಕೈಗೆ ಎಟುಕದ ಕಡೆ ಎತ್ತಿಡಿ. ಹಾಗೂ ಕಣ್ಣಿಗೆ ಬಿತ್ತೆಂದರೆ ಉಜ್ಜಬೇಡಿ, ಎಣ್ಣೆ, ಹಾಲು, ತುಪ್ಪ ಅನ್ನಬೇಡಿ. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಧಾರೆಯಾಗಿ ಅರ್ಧ ಗಂಟೆ ಬಿಡಿ, ಆಮೇಲೆ ತಡಮಾಡದೆ ಕಣ್ಣಾಸ್ಪತ್ರೆಗೆ ಹೊರಡಿ. ರೆಪ್ಪೆಯ ಒಳಮಗ್ಗುಲಲ್ಲಿ ಸುಣ್ಣದ ಕಣವೇನಾದರೂ ಅಂಟಿಕೊಂಡಿದ್ದರೆ ಅದನ್ನು ತೆಗೆಯಬೇಕಾದವರು ಅಲ್ಲಿನ ವೈದ್ಯರು.