ಗವಿಮಠದ ಬೆಟ್ಟ: ರೊಟ್ಟಿಯ ರಾಶಿ, ಅಶೋಕನ ಬಂಡೆ

ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಕುಟುಂಬಗಳು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಪುಣ್ಯಸ್ಥಳಗಳಲ್ಲಿ ಕೊಪ್ಪಳದ ಗವಿಮಠವೂ ಒಂದು. ಸಿಂಧನೂರು, ಕಾರಟಗಿ, ಗಂಗಾವತಿಗಳನ್ನು ಹಾದುಹೋಗುವ ದಾರಿಯು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವೆ ಬಹುದೂರ ಸಾಗಿ, ಕೊನೆಗೆ ಬಂಡೆಗಲ್ಲಿನ ಗುಡ್ಡಗಳ ಸೀಮೆಯನ್ನು ಸೇರುತ್ತದೆ.

ಕೊಪ್ಪಳವು ಹಿಂದೆ ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥವಾಗಿತ್ತು. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡ ನಾಡನ್ನು ಗುರುತಿಸುವಾಗ ಈ ಊರನ್ನೂ ಹೆಸರಿಸುತ್ತದೆ. ಗವಿಯನ್ನು ಆಶ್ರಯಿಸಿ ಬೆಳೆದ ಇಂದಿನ ವೀರಶೈವ ಮಠದಲ್ಲಿ ಭಕ್ತರು ಮೊದಲು ಅರಸುವುದು 11ನೆಯ ಪೀಠಾಧಿಪತಿ ಗವಿಸಿದ್ಧೇಶ್ವರರ ಗದ್ದುಗೆಯನ್ನು, ಅಂದರೆ ಸಮಾಧಿಸ್ಥಾನವನ್ನು.

ಪುಷ್ಯ ಮಾಸದ ಜಾತ್ರೆಯ ಜೀವಾಳ ದಾಸೋಹ, ಎಂದರೆ ಬಂದವರೆಲ್ಲರಿಗೂ ಭೇದವಿಲ್ಲದೆ ನಡೆಯುವ ಅನ್ನಸೇವೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮುಂಚಿತವಾಗಿಯೇ ಒಟ್ಟಾಗಿ ಕುಳಿತು, ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಪಸೆಯೆಲ್ಲ ಆರುವಂತೆ ಒಣಗಿಸಿದ ಖಡಕ್ ರೊಟ್ಟಿಗಳು ಬಹುದಿನ ಕೆಡುವುದಿಲ್ಲವಾದ್ದರಿಂದ, ಅವು ಟ್ರ್ಯಾಕ್ಟರುಗಳಲ್ಲಿ ಬಂದು ಮಠದಲ್ಲಿ ರಾಶಿಯಾಗುತ್ತವೆ. ಕಾಲುವೆ ಬಂದ ಮೇಲೆ ಭತ್ತಕ್ಕೆ ಒಲಿದ ಸೀಮೆಯಲ್ಲಿಯೂ ದಾಸೋಹಕ್ಕೆ ಜೋಳವೇ ಬೇಕೆನ್ನುವ ಈ ಹಟ ಮೆಚ್ಚತಕ್ಕದ್ದು.

ಆದರೆ ಗದ್ದುಗೆಗೆ ಕೈಮುಗಿದು ಪ್ರಸಾದ ಮುಗಿಸಿದವರಲ್ಲಿ ಹಲವರು ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ನೋಡದೆಯೇ ಮರಳುವುದು ಬೇಸರದ ಸಂಗತಿ. 1931ರಲ್ಲಿ ಬೆಳಕಿಗೆ ಬಂದ ಈ ಶಾಸನವು ಬ್ರಾಹ್ಮಿ ಲಿಪಿಯಲ್ಲಿ, ಜನರ ಆಡುನುಡಿಗೆ ಹತ್ತಿರವಾದ ಪ್ರಾಕೃತದಲ್ಲಿದೆ. ತಾನು ಉಪಾಸಕನಾಗಿ, ಎಂದರೆ ಸಂಸಾರದಲ್ಲಿದ್ದೇ ಬೌದ್ಧಧರ್ಮವನ್ನು ಅನುಸರಿಸುವವನಾಗಿ, ಎರಡೂವರೆ ವರ್ಷ ಕಳೆದರೂ ಮೊದಮೊದಲು ಹೆಚ್ಚು ಶ್ರಮಿಸಲಿಲ್ಲವೆಂದು ಒಪ್ಪಿಕೊಳ್ಳುವ ಸಾಮ್ರಾಟನು, ಭಿಕ್ಷುಸಂಘದ ಸಂಪರ್ಕದಿಂದ ಉತ್ಸಾಹ ಬಂದುದನ್ನು ಹೇಳಿ, ಸ್ವರ್ಗವು ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಸಾಮಾನ್ಯರಿಗೂ ಎಟುಕುತ್ತದೆ ಎನ್ನುತ್ತಾನೆ. ತುರ್ವಿಹಾಳದ ನೆರೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ, ‘ಅಶೋಕ’ ಎಂಬ ಹೆಸರನ್ನೇ ಹೇಳುವ ಪ್ರಸಿದ್ಧ ಶಾಸನದ ಸಂದೇಶವೂ ಇದೇ ಆಗಿದ್ದು, ಅಲ್ಲಿ ಅಕ್ಷರಗಳು ಬಹಳ ಸವೆದಿವೆ. ಗವಿಮಠದ ಪಾಠವಾದರೋ ಹೆಚ್ಚು ಸುಸ್ಥಿತಿಯಲ್ಲಿದೆ. ಸಮೀಪದ ಪಾಲ್ಕಿಗುಂಡಿನಲ್ಲಿ ಇದೇ ಶಾಸನದ ಇನ್ನೊಂದು ಪ್ರತಿಯೂ, ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿಯ ಪಾದಗಳ ಕೆತ್ತನೆಯೂ ಇವೆ.

ಮಕ್ಕಳೊಡನೆ ಹೋಗುವವರು ಬಿಸಿಲೇರುವ ಮೊದಲೇ ಶಾಸನದ ಬಂಡೆಯನ್ನು ನೋಡಿಬಂದು ಆಮೇಲೆ ಪ್ರಸಾದಕ್ಕೆ ಕೂರುವುದು ಲೇಸು. ಉಂಡ ಮೇಲೆ ಬೆಟ್ಟ ಹತ್ತುವ ಮನಸ್ಸು ಯಾರಿಗೂ ಇರುವುದಿಲ್ಲ.