ಮಾತ್ರೆಯ ಲೆಕ್ಕ, ಮಹಾಸಂಖ್ಯೆಯ ಸಾಕ್ಷ್ಯ

ದೇವನಹಳ್ಳಿಗೆ ಸಮೀಪದ ನಲ್ಲೂರಿನ ಹುಣಸೆಯ ತೋಪನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. 2007ರಲ್ಲಿ ನಮ್ಮ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿದ ತೋಪು ಅದು. ಕಳೆದ ಬೇಸಗೆಯಲ್ಲಿ ಆ ಊರಿನ ಅಕ್ಕನ ಮನೆಯ ಜಗಲಿಯ ಮೇಲೆ, ಬಿ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ಹುಣಸೆಬೀಜಗಳನ್ನು ಹರಡಿ ನನಗೆ ಅವಿಭಾಜ್ಯ ಸಂಖ್ಯೆಯ ಪಾಠ ಹೇಳಿದಳು. ಹನ್ನೆರಡು ಬೀಜಗಳನ್ನು ನಾಲ್ಕರಂತೆ ಮೂರು ಸಾಲು ಮಾಡಬಹುದು. ಏಳು ಬೀಜಗಳಿಗೆ ಒಂದೇ ನೀಳ ಸಾಲಲ್ಲದೆ ಬೇರೆ ಗತಿಯಿಲ್ಲ.

“ಮೂವತ್ತೊಂಬತ್ತು ಅಂಕೆಗಳ ಸಂಖ್ಯೆಗೆ ಏನು ಮಾಡುವೆಯಮ್ಮ? ಅಷ್ಟು ಬೀಜಗಳನ್ನು ಯಾರು ಜೋಡಿಸಿಯಾರು?” ಎಂದೆ. ಗಣಿತವನ್ನು ಹೈಸ್ಕೂಲಿನಲ್ಲೇ ಬಿಟ್ಟು ಓಡಿಬಂದವನ ಕುಚೋದ್ಯವಿದು.

“ಜೋಡಿಸುವುದೇ ಬೇಡ ಮಾವ. ನೀವು ಹಲಗೆಯ ಮೇಲೆ ಬರೆಯುವ ಪ್ರಸ್ತಾರವೇ ಸಾಕು.”

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಗಣದ ಕೊನೆ ಲಘುವಾದರೆ ಉಳಿದುದು ಒಂದು ಮಾತ್ರೆ ಕಡಮೆ, ಗುರುವಾದರೆ ಎರಡು ಕಡಮೆ. ಆದುದರಿಂದ ಪ್ರತಿಯೊಂದು ಎಣಿಕೆಯೂ ಹಿಂದಿನ ಎರಡರ ಮೊತ್ತ. 12ನೆಯ ಶತಮಾನದ ಹೇಮಚಂದ್ರನು ಇದನ್ನು ಹೇಳಿದ್ದನು. ಇಟಲಿಯ ಫಿಬೊನಾಚಿಯ ಗ್ರಂಥ 1202ರದು. ಹೆಸರು ಮಾತ್ರ ಅವನಿಗೆ ಸಂದಿತು.

ಈಗ 1, 3, 7, 15 ಮಾತ್ರೆಗಳನ್ನು ತೆಗೆದುಕೊಳ್ಳಿ. ರೂಪಗಳು ಕ್ರಮವಾಗಿ 1, 3, 21, 987. ಪ್ರತಿಯೊಂದನ್ನೂ ಹಿಂದಿನದರಿಂದ ಭಾಗಿಸಿದರೆ 3, 7, 47. ಮೂರರ ವರ್ಗದಲ್ಲಿ ಎರಡು ಕಳೆದರೆ ಏಳು, ಏಳರ ವರ್ಗದಲ್ಲಿ ಎರಡು ಕಳೆದರೆ ನಲವತ್ತೇಳು! ಪ್ರಸ್ತಾರ ಹಾಕದೆಯೇ ಮುಂದುವರಿಯಬಹುದು.

ಏಳು ಎರಡುಗಳನ್ನು ಗುಣಿಸಿ ಒಂದು ಕಳೆದರೆ 127. ಇದೇ ಹಾದಿಯಲ್ಲಿ ನಡೆದು, 127ನ್ನು ಮೀರಿದಾಗಲೆಲ್ಲ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳೋಣ: 3, 7, 47, 48, 16, 0. ಆರನೆಯ ಹೆಜ್ಜೆಗೆ ಸೊನ್ನೆ. ಆದುದರಿಂದ 127 ಅವಿಭಾಜ್ಯ. ನಾನೇ ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆ.

ಏಳರ ಬದಲು 127 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದು 170141183460469231731687303715884105727. ಇದು ಅವಿಭಾಜ್ಯವೆಂದು ಫ್ರಾನ್ಸಿನ ಎದುಆರ್ ಲ್ಯುಕಾ 1876ರಲ್ಲಿ ಈ ಶ್ರೇಢಿಯ ಬಲದಿಂದಲೇ ಸಾರಿದನು. 1951ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ. 67 ಎರಡುಗಳ ಸಂಖ್ಯೆ ಒಡೆಯುವಂಥದೆಂದೂ ಆತ ಕಂಡುಕೊಂಡಿದ್ದ. ಆದರೆ ಅದರ ತುಂಡುಗಳು, 193707721 ಮತ್ತು 761838257287, ಅಮೆರಿಕದ ಕೋಲ್ ಎಂಬಾತನಿಗೆ ಸಿಕ್ಕಿದುದು 1903ರಲ್ಲಿ. ತುಂಡುಗಳನ್ನು ಕಾಣದೆಯೇ ಒಡಕನ್ನು ಅರಿತುದು ನನಗೆ ಇನ್ನೂ ಸೋಜಿಗ.

ನಾಗವರ್ಮನ ‘ಛಂದೋಂಬುಧಿ’ಯ ಪ್ರತ್ಯಯಗಳ ಭಾಗವನ್ನು, “ಪರೀಕ್ಷೆಗೆ ಬಾರದು” ಎಂದು ನಾನು ವರ್ಷವರ್ಷವೂ ದಾಟಿಸುತ್ತಿದ್ದೆ. ಈ ಸಲ ದಾಟಿಸಲಿಲ್ಲ. ಹಿಂದಿನ ಬೆಂಚಿನವನೊಬ್ಬ, “ಹದಿನೈದು ಮಾತ್ರೆಗೆ ಪ್ರಸ್ತಾರ ಹಾಕಿಬಿಡೋಣವೆ ಸಾರ್?” ಎಂದ. 987 ಸಾಲು; ಹಲಗೆ ಸಾಲದಪ್ಪ, ಎಂದೆ.